ಅಕಾಯ್ ಎಂಪಿಕೆ ಮಿನಿ ಎಂಕೆ3: ಹನ್ನೊಂದು ತಿಂಗಳು ಒತ್ತಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಸಂಗೀತ ಮಾಡಲೆಂದು ತರಿಸಿದ ಈ ಕೀಬೋರ್ಡಿನಿಂದ ತಾನಾಗಿ ಒಂದು ಸದ್ದೂ ಬರುವುದಿಲ್ಲ. ಸ್ಪೀಕರ್ ಇಲ್ಲ, ಹೆಡ್‌ಫೋನ್ ಸಿಕ್ಕಿಸುವ ತೂತಿಲ್ಲ, ಒಳಗೆ ಪಿಯಾನೊ ಇಲ್ಲ, ತಬಲಾ ಇಲ್ಲ, ಏನೂ ಇಲ್ಲ. ನನಗೆ ಇದು ಗೊತ್ತಿತ್ತು, ಮನೆಯವರಿಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಬಂದ ದಿನ ನಾನು ಬ್ಯಾಂಕಿನಿಂದ ಮನೆ ಸೇರುವಷ್ಟರಲ್ಲಿ ಅಪ್ಪ ಅದನ್ನು ಬಿಚ್ಚಿ, ಫೋನ್ ಚಾರ್ಜರಿಗೆ ಸಿಕ್ಕಿಸಿ, ದೀಪ ಹತ್ತಿದ್ದು ನೋಡಿ, ಇದ್ದಬದ್ದ ಕೀಗಳನ್ನೆಲ್ಲ ಒತ್ತಿ, "ಡಬ್ಬಾ ಪೀಸ್ ಕಳಿಸಿದ್ದಾರೆ, ವಾಪಸ್ ಮಾಡು" ಎಂದು ತೀರ್ಪು ಕೊಟ್ಟಾಗಿತ್ತು. ಮೇಲೆ ಅಕಾಯ್ ಎಂದು ಬರೆದದ್ದು ನೋಡಿ ಇನ್ನೊಂದು ಅನುಮಾನ ಬೇರೆ: "ಇವರು ಟಿವಿ ಮಾಡ್ತಿದ್ದವರಲ್ವಾ?" ತೊಂಬತ್ತರ ದಶಕದಲ್ಲಿ ಹಳೇ ಟಿವಿ ಕೊಟ್ಟು ಹೊಸ ಅಕಾಯ್ ಟಿವಿ ತಂದ ಮನೆ ನಮ್ಮದು. ಹೆಸರು ಅದೇ, ಆದರೆ ಸಂಗೀತದ ಸಾಮಾನು ಮಾಡುವ ಅಕಾಯ್ ಈಗ ಬೇರೆಯೇ, ಅದು ಇನ್‌ಮ್ಯೂಸಿಕ್ ಎಂಬ ಅಮೆರಿಕದ ಕಂಪನಿಯ ಕೈಲಿದೆ.

ಅಪ್ಪನಿಗೆ ಕೊನೆಗೆ ಟಿವಿಯಿಂದಲೇ ಅರ್ಥ ಮಾಡಿಸಿದೆ. ಇದು ರಿಮೋಟ್ ಇದ್ದ ಹಾಗೆ. ರಿಮೋಟಿನೊಳಗೆ ಸಿನಿಮಾ ಇರುತ್ತದಾ? ಯಾವ ಕೀ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ, ಯಾವಾಗ ಬಿಟ್ಟೆ, ಇಷ್ಟನ್ನೇ ಇದು ಲ್ಯಾಪ್‌ಟಾಪಿಗೆ ಹೇಳುತ್ತದೆ. ಸದ್ದು ಮಾಡುವುದು ಲ್ಯಾಪ್‌ಟಾಪಿನ ಕೆಲಸ. ಹಾಗೆ ಹೇಳುವ ಭಾಷೆಯ ಹೆಸರು ಮಿಡಿ. 1983ರಲ್ಲಿ ಬಂದದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ಹಾಗಾಗಿ ಬರೀ ಕೀಬೋರ್ಡಿನ ಬಗ್ಗೆ ಬರೆದರೆ ಈ ವಿಮರ್ಶೆ ಅರ್ಧವೇ ಆಗುತ್ತದೆ. ಜೊತೆಗಿರುವ ಸಾಫ್ಟ್‌ವೇರ್, ಹೆಡ್‌ಫೋನ್, ಮತ್ತೆ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಬೆಳಗಾದರೆ ಗುಂಯ್ ಅನ್ನುವ ಅಮ್ಮನ ತಂಬೂರಿ ಪೆಟ್ಟಿಗೆ, ಇವೂ ಬರುತ್ತವೆ.

ನನ್ನ ಪರಿಸ್ಥಿತಿ ಇದು. ಊರು ಶಿವಮೊಗ್ಗ. ಹಗಲು ಬ್ಯಾಂಕಿನ ಕೌಂಟರ್. ಅಮ್ಮ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ನಾನು ಚಿಕ್ಕಂದಿನಲ್ಲಿ ವರ್ಣದವರೆಗೆ ಕಲಿತು ಕ್ರಿಕೆಟ್ಟಿಗೆ ಓಡಿಹೋದವನು. ಹೌಸು, ಟೆಕ್ನೊ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಕೇಳುವ ಚಟ ಕಾಲೇಜಿನಿಂದ ಹತ್ತಿಕೊಂಡಿದೆ. ಲ್ಯಾಪ್‌ಟಾಪ್ ಹಳೆಯದು, 8 ಜಿಬಿ ರ‍್ಯಾಮ್, ವಿಂಡೋಸ್. ಕೀಬೋರ್ಡಿಗೆ ನಾನು ಕೊಟ್ಟದ್ದು 9,000 ರೂಪಾಯಿ ಆಸುಪಾಸು. ಈ ಬೆಲೆ ಸೇಲ್ ಇದ್ದಾಗ ಇಳಿಯುತ್ತದೆ, ಇಲ್ಲದಾಗ ಏರುತ್ತದೆ, ಒಂದು ತಿಂಗಳು ಕಣ್ಣಿಟ್ಟಿದ್ದರೆ ಸಿಗುತ್ತದೆ.

ಈಗ ಸಾಮಾನಿನ ವಿಷಯ. 25 ಪುಟ್ಟ ಕೀಗಳು, ಎಂಟು ಪ್ಯಾಡು, ಎಂಟು ತಿರುಗುಣಿ, ಒಂದು ಪುಟಾಣಿ ಪರದೆ, ಎಡಗಡೆ ಹೆಬ್ಬೆರಳಿಗೆ ಒಂದು ಕೆಂಪು ಜಾಯ್‌ಸ್ಟಿಕ್. ತೂಕ ಮುಕ್ಕಾಲು ಕೇಜಿ. ಬೇರೆ ಚಾರ್ಜರ್ ಬೇಡ, ಯುಎಸ್‌ಬಿ ತಂತಿಯಲ್ಲೇ ಕರೆಂಟು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತಿಲ್ಲ, ಹಾಗಾಗಿ ಇದು ನನಗೆ ಸಣ್ಣ ವಿಷಯವಲ್ಲ. ಬೀದಿಯೆಲ್ಲ ಕತ್ತಲಾದರೂ ಲ್ಯಾಪ್‌ಟಾಪ್ ಬ್ಯಾಟರಿ ಇರುವವರೆಗೆ ಕೆಲಸ ನಡೆಯುತ್ತದೆ, ಪ್ಯಾಡಿನ ಬೆಳಕಲ್ಲೇ ಕೈ ಆಡಿಸಬಹುದು. ಕೇಬಲ್ಲಿನ ಕೀಬೋರ್ಡ್ ಕಡೆಯ ತುದಿ ಮಾತ್ರ ಹಳೇ ಕಾಲದ ಚೌಕ ಯುಎಸ್‌ಬಿ, ಪ್ರಿಂಟರಿಗೆ ಬರುತ್ತಲ್ಲ ಅದು. ಲ್ಯಾಪ್‌ಟಾಪಿನಲ್ಲಿ ಬರೀ ಟೈಪ್-ಸಿ ತೂತುಗಳಿದ್ದರೆ ಒಂದು ಕನ್ವರ್ಟರ್ ತಗೊಳ್ಳಿ. ನನ್ನ ಗೆಳೆಯನೊಬ್ಬ ಅದನ್ನು ನೋಡದೆ ತರಿಸಿ ಮೂರು ದಿನ ಕೀಬೋರ್ಡನ್ನು ಬರೀ ನೋಡುತ್ತಾ ಕೂತಿದ್ದ.

ಪ್ಯಾಡುಗಳೇ ಇದರ ಜೀವ. ಇದನ್ನು ಒತ್ತಿ ಹೇಳುತ್ತೇನೆ. ಅಕಾಯ್ 1988ರಲ್ಲಿ ರೋಜರ್ ಲಿನ್ ಜೊತೆ ಸೇರಿ ಎಂಪಿಸಿ60 ಎಂಬ ಯಂತ್ರ ತಂದಿತ್ತು. ರಬ್ಬರ್ ಚೌಕಗಳನ್ನು ಬೆರಳಲ್ಲಿ ಬಡಿದು ತಾಳ ಕಟ್ಟುವ ಅಭ್ಯಾಸವನ್ನು ಹಿಪ್‌ಹಾಪ್‌ನವರಿಗೆ ಹತ್ತಿಸಿದ್ದು ಆ ಯಂತ್ರ. ಆ ಮನೆತನದ ಗುಣ ಈ ಪುಟ್ಟ ಪ್ಯಾಡುಗಳಲ್ಲೂ ಇದೆ. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಗುದ್ದಿದರೆ ಜೋರಾಗಿ. ಎಂಟೇ ಇದ್ದರೂ ಒಂದು ಬಟನ್ ಒತ್ತಿದರೆ ಇನ್ನೊಂದು ಎಂಟು ಸಿಗುತ್ತವೆ, ಒಟ್ಟು ಹದಿನಾರು. ಮೃದಂಗ ಗೊತ್ತಿರುವವರಿಗೆ ಸ್ವಲ್ಪ ಗಟ್ಟಿ ಅನ್ನಿಸಬಹುದು. ತೀರಾ ಸಣ್ಣ ಬೆರಳ ಸ್ಪರ್ಶ ಇದಕ್ಕೆ ತಿಳಿಯುವುದಿಲ್ಲ. ಒಂದು ವಾರದಲ್ಲಿ ಕೈ ಹೊಂದಿಕೊಳ್ಳುತ್ತದೆ. ನೋಟ್ ರಿಪೀಟ್ ಎಂಬ ಬಟನ್ ಹಿಡಿದುಕೊಂಡು ಪ್ಯಾಡ್ ಒತ್ತಿದರೆ ಪಟಪಟ ಅಂತ ಲೆಕ್ಕಕ್ಕೆ ಸರಿಯಾಗಿ ಬಡಿಯುತ್ತಾ ಹೋಗುತ್ತದೆ, ಅದರಲ್ಲಿ ಮೂರರ ಲೆಕ್ಕವೂ ಇದೆ, ಅಂದರೆ ತಿಶ್ರ ನಡೆ ಹಿಡಿಯಬಹುದು. ಅಮ್ಮನ ಶಿಷ್ಯೆ ಒಬ್ಬಳು, ಎಂಟು ವರ್ಷದವಳು, ಇದನ್ನು ಕಂಡುಹಿಡಿದ ಮೇಲೆ ಪಾಠಕ್ಕೆ ಹತ್ತು ನಿಮಿಷ ಮುಂಚೆಯೇ ಬರುತ್ತಾಳೆ.

ತಿರುಗುಣಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಮೂರು ತಿಂಗಳು ಮುಟ್ಟಲೇ ಇಲ್ಲ. ಆಮೇಲೆ ಫಿಲ್ಟರ್, ಅಂದರೆ ಸದ್ದನ್ನು ಮಂಕು ಮಾಡಿ ಬಿಚ್ಚುವ ಗುಂಡಿ, ತಿರುಗಿಸುವ ರುಚಿ ಹತ್ತಿತು. ಸಾಫ್ಟ್‌ವೇರಿನಲ್ಲಿ ಬೇಕಾದ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಕಂಟ್ರೋಲರಿಗೆ ಜೋಡಿಸು ಅಂದರೆ ಆಯಿತು. ನಿಧಾನಕ್ಕೆ ಮಂಜು ಸರಿದ ಹಾಗೆ ಸದ್ದು ತೆರೆದುಕೊಳ್ಳುತ್ತಲ್ಲ, ಟೆಕ್ನೊದಲ್ಲಿ, ಅದೆಲ್ಲ ಇಷ್ಟೇ.

ಕೀಗಳು ಸಣ್ಣವು. ಹಾರ್ಮೋನಿಯಂ ನುಡಿಸಿದ ಕೈಗೆ ಮೊದಲ ದಿನ ಆಟದ ಸಾಮಾನಿನ ಹಾಗೆ ಅನ್ನಿಸುತ್ತದೆ. ಎರಡು ಸ್ಥಾಯಿ ಅಷ್ಟೇ, ಮೇಲೆ ಕೆಳಗೆ ಹೋಗಲು ಆಕ್ಟೇವ್ ಬಟನ್ ಇದೆ. ಎರಡು ಕೈಯಲ್ಲಿ ಪಿಯಾನೊ ಕಲಿಯಬೇಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಿ ದೊಡ್ಡ ಕೀಬೋರ್ಡ್ ನೋಡಿ, ಇದು ಅದಕ್ಕಲ್ಲ. ಬೇಸ್ ಲೈನು, ನಾಲ್ಕು ಸ್ವರದ ರಾಗದ ತುಣುಕು, ಒಂದು ಕಾರ್ಡು (ಒಟ್ಟಿಗೆ ಒತ್ತುವ ಸ್ವರಗಳು), ಇಷ್ಟನ್ನು ಒಳಗೆ ಹಾಕುವುದಕ್ಕೆ ಧಾರಾಳ ಸಾಕು. ಒಂದೇ ಕೈ ಸಾಕು, ಇನ್ನೊಂದರಲ್ಲಿ ಮೌಸ್ ಇರುತ್ತದೆ ಹೇಗೂ.

ಈಗ ನನಗೆ ತುಂಬಾ ಖುಷಿ ಕೊಟ್ಟ ಭಾಗ. ಈ 25 ಕೀಗಳಲ್ಲಿ ಹತ್ತು ಕಪ್ಪು. ಬಿಳಿ ಮುಟ್ಟದೆ ಬರೀ ಕಪ್ಪು ಕೀಗಳನ್ನೇ ಒತ್ತಿ ನೋಡಿ. ಮೂರು ಕಪ್ಪುಗಳ ಗುಂಪು ಇದೆಯಲ್ಲ, ಅದರ ಮೊದಲನೆಯದನ್ನು ಸ ಎಂದುಕೊಂಡು ಹತ್ತಿದರೆ ಮೋಹನ. ಅದೇ ಗುಂಪಿನ ಎರಡನೆಯದು ಸ ಆದರೆ ಮಧ್ಯಮಾವತಿ. ಮೂರನೆಯದು ಸ ಆದರೆ ಹಿಂದೋಳ. ಎರಡು ಕಪ್ಪುಗಳ ಗುಂಪಿನ ಮೊದಲನೆಯದರಿಂದ ಶುದ್ಧ ಸಾವೇರಿ, ಎರಡನೆಯದರಿಂದ ಶುದ್ಧ ಧನ್ಯಾಸಿ. ಅದೇ ಐದು ಕೀ, ಐದು ರಾಗ. ಗ್ರಹಭೇದ ಅಂತ ಪಾಠದಲ್ಲಿ ಹೇಳುತ್ತಾರಲ್ಲ, ನನಗೆ ಆಗ ತಲೆಬುಡ ತಿಳಿದಿರಲಿಲ್ಲ, ಇಲ್ಲಿ ಬೆರಳಿಗೇ ತಿಳಿಯಿತು. ಹೊಸಬರಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದರೆ, ತಪ್ಪು ಸ್ವರ ಬರುವ ಹೆದರಿಕೆಯೇ ಇಲ್ಲ. ಕಣ್ಣು ಮುಚ್ಚಿಕೊಂಡು ಕಪ್ಪು ಒತ್ತಿದರೂ ರಾಗದೊಳಗೇ ಇರುತ್ತೀರಿ.

ನನ್ನ ಮೊದಲ ಟ್ರ್ಯಾಕ್ ಹುಟ್ಟಿದ್ದು ಹೀಗೆಯೇ. ಅಮ್ಮನದು ಐದೂವರೆ ಮನೆ ಶ್ರುತಿ, ಅಂದರೆ ಜಿ ಶಾರ್ಪ್, ಮೂರು ಕಪ್ಪುಗಳ ನಡುವಿನದು. ಅವರ ತಂಬೂರಿ ಪೆಟ್ಟಿಗೆ ನಮ್ಮ ಬೆಂಗಳೂರಿನ ರಾಡೆಲ್‌ನವರದು. ಅದು ಪಕ್ಕದ ಕೋಣೆಯಲ್ಲಿ ಹಾಡುತ್ತಿತ್ತು, ನಾನು ಇಲ್ಲಿ ಹೆಡ್‌ಫೋನ್ ತೆಗೆದು ಸುಮ್ನೆ ಕಪ್ಪು ಕೀ ಒತ್ತುತ್ತಿದ್ದೆ, ಎಲ್ಲ ತಾನಾಗಿ ಕೂತುಬಿಟ್ಟಿತು. ಫೋನಿನಲ್ಲಿ ತಂಬೂರಿಯನ್ನು ಎರಡು ನಿಮಿಷ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿಗೆ ಹಾಕಿ, ಅದರ ಕೆಳಗೆ ಕಿಕ್, ಅಂದರೆ ಧಂ ಅನ್ನುವ ಡ್ರಮ್ಮಿನ ಏಟು, ಇಟ್ಟೆ. ಅಮ್ಮ ಬಂದು ಕೇಳಿ ನಕ್ಕರು. "ಮಧ್ಯಮಾವತಿ. ಕಛೇರಿ ಮುಗಿಸುವ ರಾಗದಲ್ಲಿ ಶುರು ಮಾಡಿದ್ದೀಯ." ಒಂದು ಯೋಚನೆ ಆಗ ಬಂತು. ಎಲೆಕ್ಟ್ರಾನಿಕ್ ಸಂಗೀತ ನಮ್ಮ ಮನೆಗೆ ನಾನು ತಂದದ್ದೇನಲ್ಲ. ಆ ಶ್ರುತಿ ಪೆಟ್ಟಿಗೆ ಪೂಜೆ ಕೋಣೆಯ ಪಕ್ಕ ಕೂತು ಅದನ್ನೇ ಮಾಡುತ್ತಿತ್ತು, ಯಾರೂ ಅದನ್ನು ಆ ಹೆಸರಿನಿಂದ ಕರೆದಿರಲಿಲ್ಲ.

ನಗು ಅಲ್ಲಿಗೆ ಮುಗಿಯಿತು. ಮುಂದಿನ ವಾರ ಉಮೇದಿನಲ್ಲಿ ತೋಡಿಗೆ ಕೈ ಹಾಕಿದೆ. ಅಮ್ಮ ಅರ್ಧ ನಿಮಿಷ ಕೇಳಿ, "ಇದರಲ್ಲಿ ಗಾಂಧಾರ ಎಲ್ಲಿ?" ಅಂದರು. ಕೀ ಒತ್ತಿದ್ದೇನಲ್ಲ ಅಂದೆ. ಕೀ ಇದೆ, ಗಾಂಧಾರ ಇಲ್ಲ ಅಂದರು. ಸರಿಯೇ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ, ಕೆಳಗಿಂದ ಮೇಲಕ್ಕೆ ತೂಗಬೇಕು. ಕೀಬೋರ್ಡ್ ಎಂಬ ಜಾತಿಗೇ ಇದು ಬರುವುದಿಲ್ಲ. ಇದಕ್ಕೆಂದು ಇರುವುದು ಆ ಕೆಂಪು ಜಾಯ್‌ಸ್ಟಿಕ್. ಎಡಬಲ ಆಡಿಸಿದರೆ ಸ್ವರ ಬಾಗುತ್ತದೆ. ಆದರೆ ಅದು ಹೆಬ್ಬೆರಳಿನ ಉಗುರಿನಷ್ಟಿದೆ, ಚೂರು ಅಲ್ಲಾಡಿಸಿದರೆ ದೂರ ಹಾರುತ್ತದೆ, ಬಿಟ್ಟರೆ ಟಪ್ ಅಂತ ನಡುವಿಗೆ ಬಂದು ನಿಲ್ಲುತ್ತದೆ, ಜೊತೆಗೆ ಅದೇ ಕಡ್ಡಿ ಮೇಲೆ ಕೆಳಗೆ ಹೋದರೆ ಬೇರೆ ಕೆಲಸ ಮಾಡುತ್ತದೆ. ವೀಡಿಯೊ ಗೇಮಿಗೆ ಚೆನ್ನ, ಗಮಕಕ್ಕೆ ಅಲ್ಲ. ಉದ್ದ ಚಕ್ರವಿರುವ ದೊಡ್ಡ ಕೀಬೋರ್ಡಿನಲ್ಲಿ ಕೈ ಇನ್ನಷ್ಟು ಹಿಡಿತಕ್ಕೆ ಸಿಗುತ್ತದೆ. ಈ ಒಂದು ವಿಷಯದಲ್ಲಿ ನಾನು ಇದಕ್ಕೆ ಮಾರ್ಕ್ಸ್ ಕಳೆಯುತ್ತೇನೆ, ಚೆನ್ನಾಗಿಯೇ ಕಳೆಯುತ್ತೇನೆ.

ದಾರಿ ಸಿಕ್ಕಿದ್ದು ಸಾಫ್ಟ್‌ವೇರಿನಲ್ಲಿ. ಈ ಕೀಬೋರ್ಡಿನ ಜೊತೆ ಅಕಾಯ್‌ನದೇ ಎಂಪಿಸಿ ಬೀಟ್ಸ್ ಎಂಬ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತದೆ, ಪಿಯಾನೊ, ಸಿಂಥ್ (ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ವಾದ್ಯ) ಮುಂತಾದ ಸದ್ದುಗಳೂ ಸಿಗುತ್ತವೆ. ನೋಂದಣಿ ಮಾಡಿ, ಡೌನ್‌ಲೋಡ್ ಮಾಡಿ, ಮತ್ತೆ ಡೌನ್‌ಲೋಡ್ ಮಾಡಿ, ಒಂದು ರಾತ್ರಿ ಹೋಗುತ್ತದೆ. ಪ್ಯಾಡುಗಳಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ನಾನು ಎರಡು ತಿಂಗಳು ಅದರಲ್ಲೇ ಇದ್ದೆ, ದುಡ್ಡು ಖರ್ಚು ಮಾಡಲು ಮನಸ್ಸಿಲ್ಲದವರು ಅಲ್ಲೇ ಇರಬಹುದು. ಆಮೇಲೆ ಎಫ್‌ಎಲ್ ಸ್ಟುಡಿಯೋ ಎಂಬ ಇನ್ನೊಂದು ಸಾಫ್ಟ್‌ವೇರಿಗೆ ಬಂದೆ. ಬೆಲ್ಜಿಯಂನ ಇಮೇಜ್-ಲೈನ್ ಎಂಬ ಕಂಪನಿಯದು, 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಲ್ಲಿ ಶುರುವಾದದ್ದು.

ಇದರ ಟ್ರಯಲ್ ಒಂದು ವಿಚಿತ್ರ ಧಾರಾಳದ್ದು. ದಿನದ ಲೆಕ್ಕವಿಲ್ಲ, ಎಷ್ಟು ಕಾಲ ಬೇಕಾದರೂ ಬಳಸಬಹುದು, ಹಾಡನ್ನು ಎಂಪಿ3 ಮಾಡಿ ಹೊರಗೆ ತೆಗೆಯಲೂಬಹುದು. ಸೇವ್ ಕೂಡ ಆಗುತ್ತದೆ. ಆದರೆ ಸೇವ್ ಮಾಡಿದ್ದನ್ನು ಮತ್ತೆ ತೆರೆದು ಮುಂದುವರಿಸಲು ಕೊಂಡುಕೊಳ್ಳಬೇಕು. ಸಿಟ್ಟು ಬರುತ್ತೆ ಅಲ್ವಾ? ನನಗೂ ಬಂತು. ಆಮೇಲೆ ನೋಡಿದರೆ ಟ್ರಯಲ್ ಬಳಸಿದ ದಿನಗಳಲ್ಲಿ ನಾನು ಪೂರ್ತಿ ಮುಗಿಸಿದಷ್ಟು ತುಣುಕುಗಳನ್ನು ಅದಕ್ಕೆ ಮುಂಚೆಯೂ ಮುಗಿಸಿಲ್ಲ, ಆಮೇಲೂ ಮುಗಿಸಿಲ್ಲ. ಕೂತ ಮೇಲೆ ಮುಗಿಸಿಯೇ ಏಳಬೇಕಿತ್ತಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದರೂ ಏಳದೆ ಬೈಸಿಕೊಂಡದ್ದಿದೆ. ಕೊಂಡ ಮೇಲೆ ಫೋಲ್ಡರ್ ತುಂಬ ಅರೆಬರೆ ಹಾಡುಗಳು.

ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಎಲ್ಲಕ್ಕಿಂತ ಕಡಿಮೆ ಬೆಲೆಯದು ಫ್ರೂಟಿ ಎಡಿಷನ್, ನಾನು ಕೊಂಡಾಗ 99 ಡಾಲರ್ ಇತ್ತು. ಅದರಲ್ಲಿ ಮೈಕಿನಿಂದ ದನಿ ರೆಕಾರ್ಡ್ ಮಾಡಲು ಆಗುವುದಿಲ್ಲ, ಉದ್ದನೆಯ ರೆಕಾರ್ಡಿಂಗನ್ನು ಪ್ಲೇಲಿಸ್ಟಿನ (ಹಾಡನ್ನು ಜೋಡಿಸುವ ಪರದೆ) ಮೇಲೆ ಹಾಸಲೂ ನಾನು ಕೊಂಡಾಗ ಆಗುತ್ತಿರಲಿಲ್ಲ. ಅದಕ್ಕೆ ಮೇಲಿನ ಪ್ರೊಡ್ಯೂಸರ್ ಎಡಿಷನ್ ಬೇಕು. ನಾನು ಫ್ರೂಟಿಯನ್ನೇ ತಗೊಂಡೆ. ತಂಬೂರಿಯನ್ನು ಫೋನಿನಲ್ಲಿ ಹಿಡಿದು ಸ್ಯಾಂಪ್ಲರಿಗೆ ತುರುಕಿ ಒಂದು ಸ್ವರದ ಹಾಗೆ ನುಡಿಸುತ್ತೇನೆ, ನಡೆಯುತ್ತದೆ. ಹಾಡುವವರಿದ್ದರೆ ಮೊದಲೇ ಪ್ರೊಡ್ಯೂಸರ್ ತಗೊಳ್ಳಿ. ಒಮ್ಮೆ ಕೊಂಡರೆ ಮುಂದಿನ ಹೊಸ ಆವೃತ್ತಿಗಳೆಲ್ಲ ಜೀವನಪೂರ್ತಿ ಬಿಟ್ಟಿ, ಇದು ಈ ಕಂಪನಿಯ ಹಳೇ ಪದ್ಧತಿ. ಕ್ರ್ಯಾಕ್ ಮಾಡಿದ್ದು ಇಟ್ಟುಕೊಂಡು ವೈರಸ್ ಹಿಡಿಸಿಕೊಂಡ ಕಥೆ ನನ್ನ ಹತ್ತಿರವೂ ಒಂದಿದೆ, ಕಾಲೇಜಿನ ಕಾಲದ್ದು, ಪ್ರಾಜೆಕ್ಟ್ ರಿಪೋರ್ಟ್ ಸಮೇತ ಹೋಗಿತ್ತು, ಬಿಡಿ.

ಗಮಕಕ್ಕೆ ಬರುತ್ತೇನೆ. ಎಫ್‌ಎಲ್‌ನ ಪಿಯಾನೊ ರೋಲಿನಲ್ಲಿ, ಅಂದರೆ ಸ್ವರಗಳನ್ನು ಗೆರೆಗಳಾಗಿ ಬರೆಯುವ ಪರದೆಯಲ್ಲಿ, ಸ್ಲೈಡ್ ನೋಟ್ ಎಂಬುದೊಂದಿದೆ. ಮೇಲೆ ಒಂದು ಸಣ್ಣ ತ್ರಿಕೋನದ ಗುರುತು. ಅದನ್ನು ಒತ್ತಿ ಇನ್ನೊಂದು ಸ್ವರ ಬರೆದರೆ, ಮೊದಲ ಸ್ವರ ಹೊಸದಾಗಿ ಹುಟ್ಟದೆ ಜಾರಿಕೊಂಡು ಅಲ್ಲಿಗೆ ಹೋಗುತ್ತದೆ. ಎಷ್ಟು ಉದ್ದ ಬರೆಯುತ್ತೀರೋ ಅಷ್ಟು ನಿಧಾನಕ್ಕೆ ಜಾರುತ್ತದೆ. ಗಾಂಧಾರ ಇಟ್ಟು, ಮಧ್ಯಮಕ್ಕೊಂದು ಸ್ಲೈಡ್, ಕೆಳಗೆ ರಿಷಭಕ್ಕೊಂದು, ಮತ್ತೆ ಮೇಲಕ್ಕೊಂದು, ಹೀಗೆ ಕೈಯಲ್ಲಿ ಬರೆದು ತೂಗಿಸಬಹುದು. ರಂಗೋಲಿ ಎಳೆದ ಹಾಗೆ ನಿಧಾನದ ಕೆಲಸ. ಎಫ್‌ಎಲ್‌ನದೇ ಸಿಂಥ್‌ಗಳಲ್ಲಿ ಮಾತ್ರ ಇದು ನಡೆಯುತ್ತದೆ, ಹೊರಗಿನಿಂದ ತಂದು ಹಾಕಿದ ಸಿಂಥ್‌ಗಳಿಗೆ ಈ ಭಾಷೆ ತಿಳಿಯುವುದಿಲ್ಲ. ನಾನು ಮೂರು ದಿನ ವೈಟಲ್ ಎಂಬ ಬಿಟ್ಟಿ ಸಿಂಥ್‌ನಲ್ಲಿ ಸ್ಲೈಡ್ ಬರೆದು ಬರೆದು ಏನೂ ಆಗದೆ ತಲೆ ಕೆಡಿಸಿಕೊಂಡಿದ್ದೆ. ತಪ್ಪು ನನ್ನದು, ಮ್ಯಾನುಯಲ್ ಓದಿರಲಿಲ್ಲ. ವೈಟಲ್ ಸಿಂಥ್ ಒಳ್ಳೆಯದೇ, ಹಾಕಿಕೊಳ್ಳಿ, ಅದರ ಜಾರುವ ದಾರಿ ಬೇರೆ ಅಷ್ಟೇ.

ಈ ಜಾರುವ ಸ್ವರದ ಬಗ್ಗೆ ಹುಡುಕುತ್ತಾ ಹೋದಾಗ ಮುಂಬಯಿಯ ಚರಣ್‌ಜಿತ್ ಸಿಂಗ್ ಸಿಕ್ಕರು. ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು, ತಾಳಕ್ಕೆ 808, ಬೇಸಿಗೆ 303, ಮೇಲೆ ಜುಪಿಟರ್-8, ಹತ್ತು ರಾಗಗಳನ್ನು ಡಿಸ್ಕೊ ಬೀಟಿನ ಮೇಲೆ ಕೂರಿಸಿ ರೆಕಾರ್ಡ್ ತಂದರು. ಆಗ ಅದು ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ ಹೊರದೇಶದವರು, ಅರೆ ಇದು ಶಿಕಾಗೋದ ಆಸಿಡ್ ಹೌಸ್ ಇದ್ದ ಹಾಗೇ ಇದೆ, ಅದಕ್ಕೂ ಮುಂಚಿನದು ಎಂದು ಕಣ್ಣರಳಿಸಿದರು. ಆ 303 ಯಂತ್ರದಲ್ಲೂ ಪ್ರತಿ ಸ್ವರಕ್ಕೆ ಸ್ಲೈಡ್ ಹಾಕುವ ಗುಂಡಿ ಇತ್ತು. ಅಂದರೆ ನಾನು ಪಿಯಾನೊ ರೋಲಿನ ತ್ರಿಕೋನ ಒತ್ತುತ್ತಾ ಕಷ್ಟಪಡುವುದು ನಲವತ್ತು ವರ್ಷ ಹಳೇ ದಾರಿಯಲ್ಲೇ. ಅಮ್ಮನಿಗೆ ಹಾಕಿ ಕೇಳಿಸಿದೆ. "ಕೈ ಇದೆ ಮನುಷ್ಯನಿಗೆ" ಅಂದರು. ನನಗೆ ಇನ್ನೂ ಹಾಗೆ ಅಂದಿಲ್ಲ.

ತಾಳದ ವಿಷಯವೂ ಸ್ವಲ್ಪ ಹೇಳಬೇಕು. ಎಫ್‌ಎಲ್ ತೆರೆದರೆ ಟೆಂಪೊ, ಅಂದರೆ ವೇಗ, ನಿಮಿಷಕ್ಕೆ 130 ಬೀಟಿಗೆ ಇರುತ್ತದೆ. ನನ್ನ ಮೊದಲ ಹತ್ತು ತುಣುಕುಗಳೂ 130, ಯಾಕೆಂದರೆ ಅದನ್ನು ಬದಲಾಯಿಸಬಹುದು ಎಂದೇ ಹೊಳೆದಿರಲಿಲ್ಲ. ಹೌಸ್‌ಗೆ 120ರಿಂದ 128ರ ಒಳಗೆ ಇಟ್ಟುಕೊಳ್ಳಿ, ಉಸಿರಾಡಲು ಜಾಗ ಸಿಗುತ್ತದೆ. ತೆರೆದ ಕೂಡಲೇ ಕಾಣುವುದು ಹದಿನಾರು ಚೌಕಗಳ ಸಾಲು, ನಾಲ್ಕು ನಾಲ್ಕರ ಬಣ್ಣ. ಒಂದು ಸಾಲು ಅಂದರೆ ನಾಲ್ಕು ಅಕ್ಷರ, ಎರಡು ಸಾಲು ಆದಿತಾಳದ ಒಂದು ಆವರ್ತ. ಆದಿತಾಳಕ್ಕೂ ಹೌಸಿಗೂ ಜಗಳವೇ ಇಲ್ಲ, ಅದೇ ಬೇಜಾರು. ಮಜಾ ಇರುವುದು ಏಳರ ಲೆಕ್ಕದ ಮಿಶ್ರ ಛಾಪಿನಲ್ಲಿ. ಚೌಕಗಳನ್ನು 14ಕ್ಕೆ ಇಳಿಸಿ, 1, 7, 11ರಲ್ಲಿ ಒಂದೊಂದು ಚಪ್ಪಾಳೆ ಸದ್ದು ಇಡಿ, ತಕಿಟ ತಕ ಧಿಮಿ ಬಂತು. ಇನ್ನೊಂದು ಪ್ಯಾಟರ್ನಿನಲ್ಲಿ ಮಾಮೂಲಿ ಕಿಕ್, ನಾಲ್ಕು ಚೌಕಕ್ಕೊಂದು, ತನ್ನ ಪಾಡಿಗೆ ಹೋಗಲಿ. ಎರಡೂ ಬೇರೆ ಬೇರೆ ಕಡೆ ಜಾರುತ್ತಾ, ಎಡವುತ್ತಾ, 28 ಚೌಕ ಕಳೆದ ಮೇಲೆ, ಅಂದರೆ ಛಾಪಿನ ಎರಡು ಆವರ್ತಕ್ಕೆ, ಏಳು ಕಿಕ್ ಮುಗಿಸಿ ಮತ್ತೆ ಒಂದೇ ಜಾಗಕ್ಕೆ ಬಂದು ಕೂಡುತ್ತವೆ. ಮೊದಲ ಸಲ ಅದು ಕೂಡಿದಾಗ ರಾತ್ರಿ ಹನ್ನೆರಡೂವರೆ, ಕೋಣೆಯಲ್ಲಿ ಒಬ್ಬನೇ "ಭೇಷ್" ಅಂದುಕೊಂಡೆ.

ಈಗ ಬೈಗುಳ ತಿಂದ ಭಾಗ. ಮೊದಲ ವಾರ ಕೀ ಒತ್ತಿದರೆ ಸದ್ದು ಒಂದು ಗಳಿಗೆ ಬಿಟ್ಟು ಬರುತ್ತಿತ್ತು. ಕೀಬೋರ್ಡ್ ಸರಿಯಿಲ್ಲ ಎಂದುಕೊಂಡು ವಾಪಸ್ ಮಾಡುವುದಕ್ಕೆ ಹೊರಟಿದ್ದೆ, ಅಪ್ಪನ ಮುಖದಲ್ಲಿ ನಾನು ಹೇಳಲಿಲ್ವಾ ಎಂಬ ಕಳೆ. ಅಸಲಿಗೆ ನಾನು ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಿದ್ದೆ. ಬ್ಲೂಟೂತಿನಲ್ಲಿ 100ರಿಂದ 200 ಮಿಲಿಸೆಕೆಂಡ್ ತಡ ಮಾಮೂಲು. ಹಾಡು ಕೇಳುವಾಗ ಗೊತ್ತಾಗುವುದಿಲ್ಲ, ನುಡಿಸುವಾಗ ಕೈಕಾಲು ಬಿದ್ದುಹೋಗುತ್ತದೆ. ತಂತಿಯದೇ ಬೇಕು. ಆಮೇಲೆ ಸೆಟ್ಟಿಂಗಿನಲ್ಲಿ ಆಡಿಯೊ ಡ್ರೈವರ್ ಎಂಬಲ್ಲಿ ವಿಂಡೋಸಿನದನ್ನು ಬಿಟ್ಟು ಎಫ್‌ಎಲ್ ಸ್ಟುಡಿಯೋ ಆಸಿಯೊ ಎಂಬುದನ್ನು ಆರಿಸಿ, ಬಫರ್, ಅಂದರೆ ಒಮ್ಮೆಗೆ ಎಷ್ಟು ಸದ್ದು ಸಿದ್ಧ ಮಾಡಿಟ್ಟುಕೊಳ್ಳಬೇಕು ಎಂಬ ಲೆಕ್ಕ, 512ಕ್ಕೆ ಇಡಿ. ಒಂದು ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಚೂರು), ಹಾಗಾಗಿ 512 ಅಂದರೆ ಸುಮಾರು 12 ಮಿಲಿಸೆಕೆಂಡ್. 256ಕ್ಕೆ ಇಳಿಸಿದರೆ ಅದರ ಅರ್ಧ. ನನ್ನ ಹಳೇ ಲ್ಯಾಪ್‌ಟಾಪ್ 256ರಲ್ಲಿ ಹುರಿಗಡಲೆ ಸಿಡಿದ ಹಾಗೆ ಚಟಪಟ ಅನ್ನುತ್ತದೆ, 512ರಲ್ಲಿ ಸುಮ್ಮನಿರುತ್ತದೆ. ನುಡಿಸುವಾಗ ಕಡಿಮೆ, ಮಿಕ್ಸ್ ಮಾಡುವಾಗ ಜಾಸ್ತಿ, ಹೀಗೆ ಬದಲಾಯಿಸುತ್ತಾ ಇರಬೇಕು.

ಹೆಡ್‌ಫೋನ್ ನಾನು ತಗೊಂಡದ್ದು ಆಡಿಯೊ-ಟೆಕ್ನಿಕಾ ಎಂ20ಎಕ್ಸ್, ಸುಮಾರು 5,000 ರೂಪಾಯಿ. ತಂತಿ ಮೂರು ಮೀಟರ್ ಉದ್ದ, ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಕಿವಿ ಮುಚ್ಚುವ ಜಾತಿಯದು, ಒಂದೂವರೆ ಗಂಟೆಗೆ ಬೆವರುತ್ತದೆ. ಆದರೆ ಬೇಸನ್ನು ಸುಳ್ಳು ಸುಳ್ಳೇ ಉಬ್ಬಿಸುವುದಿಲ್ಲ. ಮುಂಚೆ ಇದ್ದ ಹೆಡ್‌ಫೋನಿನಲ್ಲಿ ನನ್ನ ಕಿಕ್ ಎದೆಗೆ ಗುದ್ದುತ್ತಿತ್ತು, ಅದೇ ಫೈಲ್ ವಾಟ್ಸಾಪಿನಲ್ಲಿ ಕಳಿಸಿದರೆ ಗೆಳೆಯರ ಫೋನಿನಲ್ಲಿ ಕಿಕ್ಕೇ ಇಲ್ಲ, ಬರೀ ತಂಬೂರಿ. ಒಬ್ಬ "ಭಜನೆ ಚೆನ್ನಾಗಿದೆ" ಎಂದು ಉತ್ತರ ಬರೆದಿದ್ದ. ಕಿಕ್ಕಿನ ತಿರುಳು ಇರುವುದು 50, 60 ಹರ್ಟ್ಜ್ ಹತ್ತಿರ, ಫೋನಿನ ಚಿಕ್ಕ ಸ್ಪೀಕರಿಗೆ ಅಷ್ಟು ಕೆಳಗೆ ಇಳಿಯಲು ಆಗುವುದಿಲ್ಲ. ಸ್ವಲ್ಪ ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒರಟು ಮಾಡುವುದು) ಸೇರಿಸಿದರೆ ಮೇಲಿನ ಹಾರ್ಮೋನಿಕ್‌ಗಳು ಹುಟ್ಟುತ್ತವೆ, ಆಗ ಫೋನಿನಲ್ಲೂ ಕಿವಿಗೆ ಸಿಗುತ್ತದೆ. ನಾನು ಜಾತ್ರೆಯಲ್ಲಿ ಹಿಡಿದಿದ್ದ ಡೊಳ್ಳಿನ ಒಂದೇ ಒಂದು ಏಟನ್ನು ಕತ್ತರಿಸಿ ಕಿಕ್ಕಿನ ಮೇಲೆ ಅಂಟಿಸಿದೆ, ತೊಗಲಿನ ಆ ಫಟ್ ಸದ್ದು ಫೋನಿಗೂ ಬಂತು, ಭಜನೆ ಎಂಬ ಅಪವಾದವೂ ಹೋಯಿತು.

ಒಟ್ಟು ಖರ್ಚು: ಕೀಬೋರ್ಡ್, ಹೆಡ್‌ಫೋನ್, ಎಫ್‌ಎಲ್ ಫ್ರೂಟಿ, ಎಲ್ಲ ಸೇರಿ 22, 23 ಸಾವಿರ. ಬಿಟ್ಟಿ ಎಂಪಿಸಿ ಬೀಟ್ಸ್‌ನಲ್ಲೇ ಇದ್ದರೆ 14 ಸಾವಿರಕ್ಕೆ ಮುಗಿಯುತ್ತದೆ. ದುಡ್ಡು ಇನ್ನೂ ಬಿಗಿ ಇದ್ದರೆ ಕೀಬೋರ್ಡನ್ನೇ ಮುಂದಕ್ಕೆ ಹಾಕಿ, ಹೆಡ್‌ಫೋನ್ ಮೊದಲು ತಗೊಳ್ಳಿ. ಎಫ್‌ಎಲ್‌ನಲ್ಲಿ ಲ್ಯಾಪ್‌ಟಾಪಿನ ಅಕ್ಷರದ ಕೀಗಳನ್ನೇ ಒತ್ತಿ ಸ್ವರ ನುಡಿಸಬಹುದು. ಮೆಲ್ಲಗೆ ಜೋರು ಎಂಬ ವ್ಯತ್ಯಾಸ ಇರುವುದಿಲ್ಲ, ಆದರೂ ನಿಮಗೆ ಈ ಹುಚ್ಚು ನಿಜವಾಗಿ ಹತ್ತುತ್ತದೋ ಇಲ್ಲವೋ ಎಂದು ನೋಡಿಕೊಳ್ಳಲು ಸಾಕು. ಐದರಲ್ಲಿ ಇದಕ್ಕೆ ನಾಲ್ಕು ಕೊಡುತ್ತೇನೆ. ಹೋದ ಒಂದು ಆ ಜಾಯ್‌ಸ್ಟಿಕ್ಕಿನದು. ಹನ್ನೊಂದು ತಿಂಗಳಲ್ಲಿ ಕೆಟ್ಟಿಲ್ಲ, ಒಂದು ಸಲ ಮೇಜಿನಿಂದ ಬಿದ್ದೂ ಕೆಟ್ಟಿಲ್ಲ.

ಆಡಿಯೊ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ಬೇಕಾ ಎಂದು ಕೇಳುವವರಿಗೆ: ಮೈಕ್ ಸಿಕ್ಕಿಸುವವರೆಗೆ ಬೇಡ. ನಾನೂ ಇನ್ನೂ ತಗೊಂಡಿಲ್ಲ. ಅಮ್ಮನ ಹತ್ತಿರ ಎರಡು ಸಾಲು ಹಾಡಿಸಿಕೊಳ್ಳಬೇಕು, ಅದಕ್ಕೊಂದು ಇಂಟರ್‌ಫೇಸು, ಮೈಕು, ಪ್ರೊಡ್ಯೂಸರ್ ಎಡಿಷನ್ನು ಎಂದು ಪಟ್ಟಿ ಮಾಡಿಟ್ಟಿದ್ದೇನೆ. ಕೇಳಿದೆ ಕೂಡ. ಹಾಡುತ್ತಾರಂತೆ, ಮೊದಲು ಆ ಗಾಂಧಾರ ಸರಿ ಮಾಡಿಕೊಂಡು ಬಾ ಅಂದಿದ್ದಾರೆ. ಈ ವಾರ ಪೂರ್ತಿ ಅದೊಂದೇ ಸ್ವರಕ್ಕೆ ಸ್ಲೈಡ್ ಬರೆಯುತ್ತಾ ಕೂತಿದ್ದೇನೆ.